ಒಳ್ಳೆಯ ಎಲೆ ಬಂದಾಗ ಏನು ಮಾಡಬೇಕು?

ಜಾನ್ ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಬ್ಯಾಂಕಿನವರು. ಮಗನಿಗೆ ಗಣಿತದ ಹುಚ್ಚು. ಗಣಿತದಿಂದ ಹೊಟ್ಟೆ ತುಂಬೀತೇ ಎಂಬ ಚಿಂತೆ ತಂದೆಗೆ. (ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಈ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತೇನೆ.) ಕೊನೆಗೆ ತಂದೆಯ ಸಮಾಧಾನಕ್ಕೆ ಜ್ಯೂರಿಚ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ತನ್ನ ಸಂತೋಷಕ್ಕೆ ಬುಡಾಪೆಸ್ಟ್‌ನಲ್ಲಿ ಗಣಿತದ ಪಿಎಚ್.ಡಿ. ಎರಡೂ 1926ರಲ್ಲಿ ಕೈಸೇರಿದವು. ಆಗ ಅವರಿಗೆ 22 ವರ್ಷ.

ಮುಂದೆ ಬರ್ಲಿನ್‌ನಲ್ಲಿ ಪಾಠ ಹೇಳತೊಡಗಿದರು. ಅಲ್ಲೂ ಒಂದು ಲೆಕ್ಕ ಹಾಕಿದರಂತೆ. ಮೂರು ವರ್ಷಗಳಲ್ಲಿ ಸಿಗಬಹುದಾದ ಪ್ರೊಫೆಸರ್ ಹುದ್ದೆ 3, ಕಾದು ಕುಳಿತವರು 40! ಇದನ್ನು ಅವರ ಗೆಳೆಯ, ಗಣಿತಜ್ಞ ಸ್ಟಾನಿಸ್ಲಾ ಉಲಮ್ ಬರೆದಿಟ್ಟಿದ್ದಾರೆ. ಆ ನಲವತ್ತು ಮಂದಿಯಲ್ಲಿ ನ್ಯೂಮನ್ ಕೈಯಲ್ಲಿದ್ದಷ್ಟು ಒಳ್ಳೆಯ ಎಲೆ ಬಹುಶಃ ಬೇರೆಯವರಲ್ಲಿ ಇರಲಿಲ್ಲ. ಆದರೂ ಅವರು ಸರದಿಗೆ ಕಾಯಲಿಲ್ಲ. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಹಾಗೆಂದು ಬರ್ಲಿನ್ ಕೆಲಸವನ್ನು ತಕ್ಷಣ ಬಿಡಲೂ ಇಲ್ಲ. ಕೆಲ ವರ್ಷ ಎರಡೂ ಕಡೆ ಓಡಾಡಿದರು. ಹಿಟ್ಲರ್ ಅಧಿಕಾರ ಹಿಡಿದ 1933ರಲ್ಲಿ ಪ್ರಿನ್ಸ್‌ಟನ್‌ನ ಹೊಸ ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು, ಜರ್ಮನಿಯ ನಂಟು ಮುಗಿಯಿತು.

ಎಲೆ ಎಂದೆನಲ್ಲ, ನನ್ನನ್ನು ಅವರತ್ತ ಎಳೆದದ್ದೇ ಇಸ್ಪೀಟು. ನಮ್ಮ ಕಡೆ ಎಲೆ ಹಿಡಿಯುವವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ನ್ಯೂಮನ್ ಪೋಕರ್ ಆಟವನ್ನೇ ಗಣಿತವಾಗಿಸಿದರು. 1928ರ ಪ್ರಬಂಧದಲ್ಲಿ ಅಡಿಪಾಯ ಹಾಕಿ, 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ದಪ್ಪ ಪುಸ್ತಕದಲ್ಲಿ ಪೋಕರ್‌ಗೆಂದೇ ಒಂದು ಭಾಗ ಇಟ್ಟರು.

ಪೋಕರ್‌ನಲ್ಲಿ ಎದುರಾಳಿ ಕಟ್ಟಿದಷ್ಟೇ ಹಣ ಕಟ್ಟಿ ಮುಂದುವರಿದರೆ ಕಾಲ್, ಹೆಚ್ಚು ಕಟ್ಟಿದರೆ ರೈಸ್. ಒಳ್ಳೆಯ ಎಲೆ ಬಂದರೆ ರೈಸ್ ಮಾಡು, ಇಲ್ಲದಿದ್ದರೆ ಸುಮ್ಮನಿರು ಎಂದು ಯಾರಾದರೂ ಹೇಳಿಯಾರು. ಆದರೆ ಹಾಗೇ ಆಡುವವನನ್ನು ಎದುರಾಳಿ ಎರಡೇ ಸುತ್ತಿನಲ್ಲಿ ಓದಿಬಿಡುತ್ತಾನೆ. ಇವನು ರೈಸ್ ಮಾಡಿದೊಡನೆ ಎಲೆ ಕೆಳಗಿಟ್ಟು ಎದ್ದುಬಿಡುತ್ತಾನೆ. ಒಳ್ಳೆಯ ಎಲೆ ಇದ್ದೂ ಸಿಗುವುದು ಪುಡಿಗಾಸು.

ಒಂದು ಸರಳ ಆಟವನ್ನು ನಾನೇ ಲೆಕ್ಕ ಮಾಡಿ ನೋಡಿದೆ. ಇಬ್ಬರೇ ಆಟಗಾರರು. ಒಬ್ಬ ಮಧ್ಯದಲ್ಲಿರುವಷ್ಟೇ ಹಣವನ್ನು ಪಣಕ್ಕೆ ಕಟ್ಟಬಹುದು ಅಥವಾ ಸುಮ್ಮನಿರಬಹುದು. ಪಣ ಕಟ್ಟಿದರೆ ಇನ್ನೊಬ್ಬ ಕಾಲ್ ಮಾಡಬಹುದು ಅಥವಾ ಬಿಡಬಹುದು. ಎಲೆಗಳನ್ನು ಬಲದ ಪ್ರಕಾರ 9 ಪಾಲು ಮಾಡಿದರೆ, ಮೇಲಿನ 2 ಪಾಲಿಗೆ ಪಣ ಕಟ್ಟಬೇಕು, ನಡುವಿನ 6 ಪಾಲಿಗೆ ಸುಮ್ಮನಿರಬೇಕು, ತೀರಾ ಕೆಳಗಿನ 1 ಪಾಲಿಗೆ ಮತ್ತೆ ಪಣ ಕಟ್ಟಬೇಕು! ಉತ್ತರ ನೋಡಿ ಎರಡು ಸಲ ಪರೀಕ್ಷಿಸಿದೆ, ಸರಿಯಾಗೇ ಇತ್ತು. ಕೆಟ್ಟ ಎಲೆಯ ಆ ಬ್ಲಫ್ ಬರೀ ಮೋಸವಲ್ಲ. ಅದು ಇರುವುದರಿಂದಲೇ ಎದುರಾಳಿಗೆ ಅನುಮಾನ; ಅನುಮಾನ ಇರುವುದರಿಂದಲೇ ಒಳ್ಳೆಯ ಎಲೆಗೆ ಬೆಲೆ.

ನಿಜವಾದ ಆಟದಲ್ಲಿ ಸುತ್ತುಗಳು ಹೆಚ್ಚು. ಎದುರಾಳಿ ಬ್ಲಫ್ ಮಾಡುತ್ತಿದ್ದಾನೆ ಎನಿಸಿದರೆ ರೈಸ್ ಮಾಡಿ ಓಡಿಸುವುದಕ್ಕಿಂತ ಕಾಲ್ ಮಾಡಿ ಇನ್ನೊಮ್ಮೆ ಕಟ್ಟಿಸುವುದು ಲಾಭ. ಆಟಗಾರರು ಹಲವರಿದ್ದು ಇನ್ನೂ ಎಲೆ ಬೀಳುವುದಿದ್ದರೆ ಕಾಲ್ ಅಪಾಯ. ಯಾರಿಗಾದರೂ ನಮ್ಮನ್ನು ಮೀರಿಸುವ ಎಲೆ ಬೀಳಬಹುದು.

ಅಣುಬಾಂಬ್, ಕಂಪ್ಯೂಟರ್ ಎಲ್ಲದರಲ್ಲೂ ನ್ಯೂಮನ್ ಕೈ ಇತ್ತು. 1957ರ ಫೆಬ್ರುವರಿ 8ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 53 ವರ್ಷ.

ಪೋಕರ್‌ನಲ್ಲಿ ಮಾತ್ರ ಅವರದು ಸಾಧಾರಣ ಕೈ. ಸಹೋದ್ಯೋಗಿ ನಿಕೊಲಸ್ ಮೆಟ್ರೊಪೊಲಿಸ್ ಒಮ್ಮೆ ಅವರಿಂದ 10 ಡಾಲರ್ ಗೆದ್ದರು. ಅದರಲ್ಲಿ 5 ಡಾಲರ್ ಕೊಟ್ಟು ನ್ಯೂಮನ್‌ರ ಅದೇ ಪುಸ್ತಕ ಕೊಂಡರು, ಉಳಿದ 5 ಡಾಲರನ್ನು ಅದರ ರಟ್ಟಿನ ಒಳಗೆ ಅಂಟಿಸಿಕೊಂಡರು.