ಬಿಲ್ ಪಿಕೆಟ್

ರಾಜ್ಯವಾಳಿದವರ, ಗ್ರಂಥ ಬರೆದವರ ಚರಿತ್ರೆಗಳನ್ನು ನಾವು ತರಗತಿಯಲ್ಲಿ ಓದುತ್ತೇವೆ. ದನ ಕಾಯ್ದು ಬದುಕಿದವನ ಚರಿತ್ರೆಯೂ ಓದತಕ್ಕದ್ದೇ ಎಂದು ನನಗೆ ತೋರಿದ್ದು ಅಮೆರಿಕದ ಬಿಲ್ ಪಿಕೆಟ್‌ನ ಜೀವನವನ್ನು ತಿಳಿದ ಮೇಲೆ.

ಪಿಕೆಟ್ 1870ರ ಡಿಸೆಂಬರ್ 5ರಂದು ಟೆಕ್ಸಾಸ್ ಸಂಸ್ಥಾನದಲ್ಲಿ ಜನಿಸಿದನು. ಅಲ್ಲಿ ಗುಲಾಮಗಿರಿ ಅಳಿದು ಆಗಿನ್ನೂ ಐದೇ ವರ್ಷ. ಅವನ ತಂದೆಯೂ ಗುಲಾಮನಾಗಿದ್ದವನೇ. ಹದಿಮೂರು ಮಕ್ಕಳಲ್ಲಿ ಎರಡನೆಯವನಾದ ಈ ಬಾಲಕ ಐದನೆಯ ತರಗತಿಗೇ ಶಾಲೆ ಬಿಟ್ಟು ದನದ ಹಿಂಡುಗಳ ಚಾಕರಿಗೆ ಸೇರಿದನು.

ಓದು ನಿಂತರೂ ಅವನ ಕಣ್ಣು ಕಲಿಯುವುದನ್ನು ನಿಲ್ಲಿಸಲಿಲ್ಲ. ಪೊದೆಗಳಲ್ಲಿ ಅಡಗಿದ ಪುಂಡ ದನಗಳನ್ನು ಬುಲ್‌ಡಾಗ್ ನಾಯಿಗಳು ತುಟಿ ಕಚ್ಚಿ ನಿಲ್ಲಿಸುವುದನ್ನು ಅವನು ಗಮನಿಸಿದನು. ತುಟಿ ಬಹು ಸೂಕ್ಷ್ಮವಾದ ಅಂಗ. ಅಲ್ಲಿ ನೋವಾದರೆ ಎಂಥ ಮೃಗವೂ ಬಗ್ಗುವುದು. ನಾಯಿ ಮಾಡಿದ್ದನ್ನು ತಾನೇಕೆ ಮಾಡಬಾರದು? ಓಡುವ ಕುದುರೆಯಿಂದ ಎತ್ತಿನ ಮೇಲೆ ಹಾರಿ, ಎರಡೂ ಕೊಂಬು ಹಿಡಿದು, ಕತ್ತು ತಿರುಚಿ, ತುಟಿಯನ್ನು ಹಲ್ಲಿನಿಂದ ಕಚ್ಚಿ, ಕೈಗಳೆರಡನ್ನೂ ಬಿಟ್ಟು ಅದನ್ನು ನೆಲಕ್ಕೆ ಕೆಡಹುತ್ತಿದ್ದನು! ಈ ವಿದ್ಯೆಗೆ ಬುಲ್‌ಡಾಗಿಂಗ್ ಎಂಬ ಹೆಸರೇ ಬಂದಿತು.

1904ರಲ್ಲಿ ಷೈಯನ್ ನಗರದ ಉತ್ಸವದಲ್ಲಿ ಸಹಸ್ರಾರು ಜನ ಇದನ್ನು ಕಂಡು ಬೆರಗಾದರು. ಬಳಿಕ ಅವನು ಒಕ್ಲಹೋಮದ 101 ರಾಂಚ್ ಎಂಬ ಪ್ರದರ್ಶನ ತಂಡ ಸೇರಿ ದೇಶವಿದೇಶ ಸುತ್ತಿದನು. 1908ರಲ್ಲಿ ಮೆಕ್ಸಿಕೋ ನಗರದ ಗೂಳಿಕಾಳಗದ ಅಂಗಳದಲ್ಲಿ, ಕೆರಳಿದ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರೂ, ಗೂಳಿಯ ಕೊಂಬುಗಳಿಗೆ ಹಲವು ನಿಮಿಷ ಜೋತುಬಿದ್ದನು. 1922ರಲ್ಲಿ ಅವನ ಸಾಹಸದ ಚಲನಚಿತ್ರವೂ ಹೊರಬಂದಿತು.

ಇಷ್ಟು ಕೀರ್ತಿವಂತನಿಗೂ ಅನೇಕ ಪಂದ್ಯಗಳ ಬಾಗಿಲು ಮುಚ್ಚಿತ್ತು. ದನಗಾಹಿಗಳು ಕುದುರೆ, ದನಗಳೊಡನೆ ಬಲ ಪರೀಕ್ಷಿಸಿಕೊಳ್ಳುವ ಆ ಸ್ಪರ್ಧೆಗಳಿಗೆ ರೋಡಿಯೊ ಎಂದು ಹೆಸರು. ಕಪ್ಪು ಜನಾಂಗದವನೆಂಬ ಕಾರಣದಿಂದ ಹಲವೆಡೆ ಅವನಿಗೆ ಅಲ್ಲಿ ಪ್ರವೇಶ ದೊರೆಯಲಿಲ್ಲ. ಕೆಲವು ಸಲ ಅಮೆರಿಕದ ಆದಿವಾಸಿಯೆಂದು ಹೇಳಿಕೊಂಡು ಕಣಕ್ಕಿಳಿಯಬೇಕಾಯಿತು. ಎತ್ತು ಕೊಂಬು ಹಿಡಿದವನ ಬಣ್ಣ ನೋಡಲಿಲ್ಲ, ನೋಡಿದವರು ಮನುಷ್ಯರು.

1932ರಲ್ಲಿ ಕುದುರೆಯೊಂದು ತಲೆಗೆ ಒದ್ದು, ಏಪ್ರಿಲ್ 2ರಂದು ಅವನು ತೀರಿಕೊಂಡನು. ರೋಡಿಯೊ ವೀರರ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನ ದೊರೆತದ್ದು 1971ರಲ್ಲಿ. ಆ ಗೌರವ ಪಡೆದ ಕಪ್ಪು ಜನರಲ್ಲಿ ಅವನೇ ಮೊದಲಿಗ. ಮುಂದೆ ಸರ್ಕಾರ ಅವನ ಅಂಚೆಚೀಟಿ ಅಚ್ಚು ಹಾಕಿಸಿತು. ಆದರೆ ಅದರಲ್ಲಿದ್ದುದು ಅವನ ತಮ್ಮನ ಮುಖವೆಂದು ಮನೆತನದವರು ತೋರಿಸಿಕೊಟ್ಟರು! 1994ರಲ್ಲಿ ಸರಿಯಾದ ಚಿತ್ರದ ಚೀಟಿ ಬಂದಿತು.

ಬದುಕಿದ್ದಾಗ ಕುಲ ಮರೆಸಬೇಕಾದವನಿಗೆ, ಸತ್ತ ಮೇಲೂ ಸ್ವಂತ ಮುಖ ದೊರೆಯಲು ಅರುವತ್ತೆರಡು ವರ್ಷ ಹಿಡಿಯಿತು. ಅವನ ವಿದ್ಯೆಯಾದರೋ ಕಾಯಲಿಲ್ಲ. ಕಚ್ಚುವ ಪದ್ಧತಿ ಹೋಗಿದ್ದರೂ, ಓಡುವ ಕುದುರೆಯಿಂದ ಹಾರಿ ಎತ್ತನ್ನು ಕೆಡಹುವ ಪಂದ್ಯವಿಲ್ಲದೆ ಇಂದಿಗೂ ಅಮೆರಿಕದ ರೋಡಿಯೊ ಪೂರ್ತಿಯಾಗುವುದಿಲ್ಲ. ಅವನನ್ನು ಹೊರಗಿಟ್ಟ ಕಣವೇ ಅವನ ವಿದ್ಯೆಯನ್ನು ಒಳಗಿಟ್ಟುಕೊಂಡಿದೆ.