ಹರಿಶ್ಚಂದ್ರ ಘಾಟ್‌ನ ಕಥೆಯನ್ನು ತೆರೆಗೆ ತಂದ ಅಚ್ಚುಗಾರ: ಬಣ್ಣದ ಬ್ಲಾಕ್‌ಗಳಿಂದ ಬೆಳ್ಳಿತೆರೆಗೆ ನಡೆದ ದಾದಾಸಾಹೇಬ್ ಫಾಲ್ಕೆ

ಕಾಶಿಗೆ ಹೋದ ಕನ್ನಡಿಗರು ಗಂಗೆಯ ದಂಡೆಯಲ್ಲಿ ಕೇದಾರ ಘಾಟ್‌ನಿಂದ ದಕ್ಷಿಣಕ್ಕೆ ಹೆಜ್ಜೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಹರಿಶ್ಚಂದ್ರ ಘಾಟ್ ಸಿಗುತ್ತದೆ. ಮಣಿಕರ್ಣಿಕಾ ಬಿಟ್ಟರೆ ಕಾಶಿಯಲ್ಲಿ ಶವಸಂಸ್ಕಾರ ನಡೆಯುವ ಇನ್ನೊಂದು ಘಾಟ್ ಇದು. ಸೌದೆಯ ರಾಶಿ, ಆರದ ಚಿತೆ, ಹೊಗೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಹಿಂದಿನ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಸತ್ಯಕ್ಕಾಗಿ ರಾಜ್ಯ ಕಳೆದುಕೊಂಡು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾದ ರಾಜನ ನೆಲ ಇದೇ ಎಂದು ಜನ ನಂಬುತ್ತಾರೆ.

ಕನ್ನಡಿಗರಿಗೆ ಈ ಕಥೆ ಹೊಸದಲ್ಲ. 13ನೇ ಶತಮಾನದಲ್ಲೇ ರಾಘವಾಂಕ ಕವಿ ಹರಿಶ್ಚಂದ್ರನ ಮೇಲೆ ಕಾವ್ಯ ಕಟ್ಟಿದ. ಯಕ್ಷಗಾನದಲ್ಲಿ, ಹರಿಕಥೆಯಲ್ಲಿ, ಕಂಪನಿ ನಾಟಕದಲ್ಲಿ ಈ ಕಥೆ ನೋಡಿ ಅತ್ತವರಿಗೆ ಲೆಕ್ಕವಿಲ್ಲ. ಆದರೆ ಹರಿಶ್ಚಂದ್ರನನ್ನು ಮೊದಲ ಬಾರಿಗೆ ಚಲಿಸುವ ಚಿತ್ರವಾಗಿಸಿದ ವ್ಯಕ್ತಿ ನಾಟಕದವರಲ್ಲ, ಕವಿಯೂ ಅಲ್ಲ. ಅವರು ಕಾಗದದ ಮೇಲೆ ಬಣ್ಣದ ಅಚ್ಚು ಒತ್ತುತ್ತಿದ್ದ ಮುದ್ರಣಕಾರ. ಹೆಸರು ಧುಂಡಿರಾಜ್ ಗೋವಿಂದ ಫಾಲ್ಕೆ. ನಾವೆಲ್ಲ ಬಲ್ಲ ದಾದಾಸಾಹೇಬ್ ಫಾಲ್ಕೆ.

ತ್ರ್ಯಂಬಕದ ಹುಡುಗ

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ತಂದೆ ಗೋವಿಂದ ಸದಾಶಿವ ಫಾಲ್ಕೆ ಸಂಸ್ಕೃತ ವಿದ್ವಾಂಸರು. ಅವರಿಗೆ ಮುಂಬೈನ ವಿಲ್ಸನ್ ಕಾಲೇಜಿನಲ್ಲಿ ಕೆಲಸ ಸಿಕ್ಕಿದಾಗ ಕುಟುಂಬ ಮುಂಬೈಗೆ ಬಂತು. ಮಗ ಶಾಸ್ತ್ರ ಓದಿ ಪುರೋಹಿತನಾಗಲಿಲ್ಲ. 1885ರಲ್ಲಿ ಜೆ.ಜೆ. ಕಲಾಶಾಲೆ ಸೇರಿ, ಅಲ್ಲಿಂದ ಬರೋಡಾದ ಕಲಾಭವನಕ್ಕೆ ಹೋದ.

ಅಲ್ಲಿ ಎಣ್ಣೆ ಬಣ್ಣ, ಜಲವರ್ಣದ ಜತೆಗೆ ಛಾಯಾಗ್ರಹಣವೂ ಕೈಗೆ ಬಂತು. ಕತ್ತಲೆ ಕೋಣೆಯ ಕೆಲಸ, ಚಿತ್ರವನ್ನು ಲೋಹದ ಬ್ಲಾಕ್‌ಗೆ ಇಳಿಸುವುದು, ಮೂರು ಬಣ್ಣದ ಅಚ್ಚು ಮಾಡುವುದನ್ನು ರತ್ಲಾಂಗೆ ಹೋಗಿ ಕಲಿತು ಬಂದರು. ಜಾದೂ ವಿದ್ಯೆಯನ್ನೂ ಬಿಡಲಿಲ್ಲ. ಯಾವುದೇ ಕಸುಬು ಕಂಡರೂ ಅದರ ಒಳಗುಟ್ಟು ತಿಳಿಯುವವರೆಗೆ ಅವರಿಗೆ ಸಮಾಧಾನವಿರಲಿಲ್ಲ.

ಬದುಕು ಮಾತ್ರ ಮೊದಲಿನಿಂದಲೂ ಪರೀಕ್ಷೆ ಒಡ್ಡಿತು. ಗುಜರಾತಿನ ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾಗ ಪ್ಲೇಗ್ ಬಂತು. ಮೊದಲ ಹೆಂಡತಿಯೂ ಮಗುವೂ ತೀರಿಕೊಂಡರು. ಊರು ಬಿಟ್ಟು ಬರೋಡಾಕ್ಕೆ ಮರಳಿ ಮತ್ತೆ ಕ್ಯಾಮೆರಾ ಹಿಡಿದರೆ ಗಿರಾಕಿಗಳೇ ಬರಲಿಲ್ಲ. ಕ್ಯಾಮೆರಾ ಮನುಷ್ಯನ ಆಯಸ್ಸು ಹೀರುತ್ತದೆ ಎಂಬ ಭಯ ಆಗ ಜನರಲ್ಲಿತ್ತು. 1902ರಲ್ಲಿ ಸರಸ್ವತಿಬಾಯಿ ಅವರೊಂದಿಗೆ ಮದುವೆಯಾಯಿತು. ಮರುವರ್ಷ ಭಾರತೀಯ ಪುರಾತತ್ವ ಇಲಾಖೆಯಲ್ಲಿ ನಕ್ಷೆಗಾರ ಮತ್ತು ಛಾಯಾಗ್ರಾಹಕನ ಕೆಲಸ ಸಿಕ್ಕಿತು. ಆದರೆ ಅದು ಸ್ವದೇಶಿ ಚಳವಳಿಯ ಕಾಲ. ಸರ್ಕಾರಿ ನೌಕರಿ ಬಿಟ್ಟು ಸ್ವಂತ ಅಚ್ಚುಕೂಟ ಹಾಕುವ ತೀರ್ಮಾನಕ್ಕೆ ಬಂದರು.

ಒಂದು ಚಿತ್ರಕ್ಕೆ ಹಲವು ಅಚ್ಚು

ಅಚ್ಚುಕೂಟ ಶುರುವಾದದ್ದು ಲೋಣಾವಳಾದಲ್ಲಿ. ಹತ್ತಿರದ ಮಳವಲಿಯಲ್ಲಿ ರಾಜಾ ರವಿವರ್ಮ ಸ್ಥಾಪಿಸಿದ್ದ ಪ್ರಸಿದ್ಧ ಮುದ್ರಣಾಲಯ ಇತ್ತು. ರವಿವರ್ಮರ ಮೂಲ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇಂದಿಗೂ ನೋಡಬಹುದು. ಅರಮನೆಯೊಳಗೆ ಕಾಲಿಡಲಾಗದ ಜನರ ಮನೆಗೆ ಲಕ್ಷ್ಮಿ, ಸರಸ್ವತಿ, ಶಕುಂತಲೆಯರನ್ನು ತಲುಪಿಸಿದ್ದು ಮಾತ್ರ ಮುದ್ರಿತ ಪ್ರತಿಗಳು. ಆ ಮುದ್ರಣಾಲಯಕ್ಕಾಗಿ ಫಾಲ್ಕೆ ಕೆಲಸ ಮಾಡಿಕೊಟ್ಟರು.

ಆ ಕೆಲಸ ಎಷ್ಟು ತಾಳ್ಮೆ ಬೇಡುತ್ತಿತ್ತು ಎಂದು ಇಂದು ಊಹಿಸುವುದೂ ಕಷ್ಟ. ಕಲ್ಲಚ್ಚಿನಲ್ಲಿ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣವಿದ್ದರೆ ಅದೇ ಕಾಗದ ಹತ್ತು ಸಲ ಅಚ್ಚಿನಡಿ ಹೋಗಬೇಕು.

ಮೂರು ಬಣ್ಣದ ಬ್ಲಾಕ್ ವಿಧಾನ ಇನ್ನೊಂದು ಬಗೆ. ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣದ ಗಾಜಿನ ಮೂಲಕ ಮೂರು ಸಲ ಫೋಟೊ ತೆಗೆದು, ಹಳದಿ, ಕೆಂಪು, ನೀಲಿಗೆ ಒಂದೊಂದು ಲೋಹದ ಬ್ಲಾಕ್ ಮಾಡುತ್ತಾರೆ. ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದ ಈ ಮೂರು ಅಚ್ಚು ಒಂದರ ಮೇಲೊಂದು ಕೂತಾಗ ಎಲ್ಲ ಬಣ್ಣಗಳೂ ಮೂಡುತ್ತವೆ. ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿ ಕೆನ್ನೆಗೆ ಸರಿಯುತ್ತದೆ, ಸೀರೆಯ ಅಂಚು ಎರಡಾಗಿ ಕಾಣುತ್ತದೆ.

ಮನೆಯಲ್ಲೇ ಶುಭಾಶಯ ಪತ್ರ ತಯಾರಿಸುವವರಿಗೆ ಈ ಕಷ್ಟದ ಅರಿವು ಸ್ವಲ್ಪ ಮಟ್ಟಿಗೆ ಇರುತ್ತದೆ. ರಬ್ಬರ್ ಅಚ್ಚಿನಲ್ಲಿ ಎಲೆಗೆ ಹಸಿರು ಒತ್ತಿ, ಒಣಗಿದ ಮೇಲೆ ಹೂವಿಗೆ ಕೆಂಪು ಒತ್ತುವಾಗ ಕೈ ನಡುಗಿದರೆ ಹೂವು ಕಾಂಡ ಬಿಟ್ಟು ಹೊರಗೆ ಬೀಳುತ್ತದೆ. ಉಬ್ಬಚ್ಚಿನಲ್ಲಿ ಕಾಗದ ತಗ್ಗು ಮತ್ತು ಉಬ್ಬಿನ ಎರಡು ಅಚ್ಚುಗಳ ನಡುವೆ ಸರಿಯಾಗಿ ಕೂರದಿದ್ದರೆ ಅಂಚು ಹರಿಯುತ್ತದೆ. ರವಿವರ್ಮ ಚಿತ್ರಗಳ ಕಾಲದಲ್ಲೂ ಅಚ್ಚಾದ ಪ್ರತಿಗೆ ಬಟ್ಟೆಯ ಸೀರೆ ಅಂಟಿಸಿ, ಜರಿ, ಚಮಕಿ ಹೊಲಿದು ಕಟ್ಟು ಹಾಕಿಸುವ ರೂಢಿ ಇತ್ತು. ಹಳೆಯ ಮನೆಗಳ ದೇವರ ಕೋಣೆಯಲ್ಲಿ ಅಂಥ ಚಿತ್ರಗಳು ಈಗಲೂ ಸಿಗುತ್ತವೆ.

ಕೈತಪ್ಪಿದ ಅಚ್ಚುಕೂಟ

ಫಾಲ್ಕೆ ಅವರ ಅಚ್ಚುಕೂಟ ಮುಂದೆ ಮುಂಬೈನ ದಾದರ್‌ಗೆ ಬಂದು ಲಕ್ಷ್ಮಿ ಆರ್ಟ್ ಪ್ರಿಂಟಿಂಗ್ ವರ್ಕ್ಸ್ ಎಂಬ ಹೆಸರು ಪಡೆಯಿತು. ಬಣ್ಣದ ಮುದ್ರಣದ ಯಂತ್ರಗಳಿಗಾಗಿ 1909ರಲ್ಲಿ ಅವರು ಜರ್ಮನಿಗೂ ಹೋಗಿ ಬಂದರು. ಕೆಲಸಕ್ಕೆ ಒಳ್ಳೆಯ ಹೆಸರು ಬಂತು. ಆದರೆ ಪಾಲುದಾರರೊಂದಿಗೆ ಅಭಿಪ್ರಾಯಭೇದ ಬೆಳೆಯಿತು. ತಾವೇ ಕಟ್ಟಿದ ಅಚ್ಚುಕೂಟದಿಂದ ಫಾಲ್ಕೆ ಬರಿಗೈಯಲ್ಲಿ ಹೊರಬಂದರು. ಆಗ ಅವರಿಗೆ 40 ದಾಟಿತ್ತು, ಮನೆಯಲ್ಲಿ ಸಣ್ಣ ಮಕ್ಕಳಿದ್ದರು.

ಆ ದಿನಗಳಲ್ಲೇ ಮುಂಬೈನ ಡೇರೆಯೊಂದರಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡಿದರು. ಹೆಂಡತಿಯನ್ನೂ ಕರೆದೊಯ್ದು ಮತ್ತೆ ನೋಡಿದರು. ತೆರೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ಓಡಾಡಿದ್ದು ರಾಮ, ಕೃಷ್ಣ. ಕಾಗದದ ಮೇಲೆ ತಾವು ಒತ್ತುತ್ತಿದ್ದ ದೇವರ ಚಿತ್ರಗಳು ಅಲ್ಲಾಡಿದರೆ ಹೇಗಿರುತ್ತದೆ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಸಿನಿಮಾ ನೋಡಿದರು. ರಾತ್ರಿಯಿಡೀ ಪ್ರಯೋಗ ಮಾಡಿದರು. ಕಣ್ಣು ಕೆಟ್ಟು ಕೆಲಕಾಲ ದೃಷ್ಟಿಯೇ ಹೋದಂತಾಯಿತು. ಚಿಕಿತ್ಸೆಯಿಂದ ಚೇತರಿಸಿಕೊಂಡವರು ಜೀವವಿಮೆ ಪಾಲಿಸಿ ಒತ್ತೆಯಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್‌ಗೆ ಹೊರಟರು. ಅಲ್ಲಿ ಚಿತ್ರ ತಯಾರಿಕೆ ನೋಡಿ ಕಲಿತು, ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮ್‌ಗೆ ರಂಧ್ರ ಕೊರೆಯುವ ಯಂತ್ರ ಖರೀದಿಸಿ ಮರಳಿದರು.

ಹಣ ಹೂಡುವವರನ್ನು ನಂಬಿಸಲು ಅವರು ಮಾಡಿದ ಚಿಕ್ಕ ಚಿತ್ರದ ನಾಯಕ ಒಂದು ಬಟಾಣಿ ಗಿಡ. ಕುಂಡದಲ್ಲಿ ಕಾಳು ಬಿತ್ತಿ, ದಿನವೂ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆದರು. ತೆರೆಯ ಮೇಲೆ ಮೊಳಕೆಯೊಡೆದ ಕಾಳು ನೋಡನೋಡುತ್ತಲೇ ಗಿಡವಾಯಿತು.

ಅಡುಗೆಯವನೇ ತಾರಾಮತಿ

ಮೊದಲ ದೊಡ್ಡ ಚಿತ್ರಕ್ಕೆ ಅವರು ಆರಿಸಿಕೊಂಡದ್ದು ಹರಿಶ್ಚಂದ್ರನ ಕಥೆ. ಸರಸ್ವತಿಬಾಯಿ ತಮ್ಮ ಒಡವೆ ಬಿಚ್ಚಿಕೊಟ್ಟರು. ದಾದರ್‌ನ ಮನೆಯೇ ಸ್ಟುಡಿಯೊ ಆಯಿತು. ಅಂದು ಕಚ್ಚಾ ಫಿಲ್ಮ್‌ನ ಅಂಚಿಗೆ ರಂಧ್ರಗಳಿರುತ್ತಿರಲಿಲ್ಲ. ರಾತ್ರಿ ಕತ್ತಲೆಯಲ್ಲಿ ಕೂತು ಅದಕ್ಕೆ ರಂಧ್ರ ಕೊರೆಯುವುದು, ತೆಗೆದ ಫಿಲ್ಮ್ ತೊಳೆಯುವುದು, ಜತೆಗೆ ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸುವುದು, ಎಲ್ಲವೂ ಸರಸ್ವತಿಬಾಯಿ ಪಾಲಿಗೆ ಬಂತು. ಬಣ್ಣದ ಅಚ್ಚನ್ನು ಕೂದಲೆಳೆ ತಪ್ಪದಂತೆ ಕೂರಿಸುತ್ತಿದ್ದ ಮನೆಗೆ ಈ ಕೆಲಸ ತೀರಾ ಹೊಸದಾಗಿರಲಿಲ್ಲ. ರಂಧ್ರ ಒಂದಿಷ್ಟು ಜರುಗಿದರೆ ತೆರೆಯ ಮೇಲೆ ಚಿತ್ರ ಕುಣಿಯುತ್ತದೆ.

ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗಲಿಲ್ಲ. ಸಿನಿಮಾದಲ್ಲಿ ನಟಿಸುವುದು ಮರ್ಯಾದೆಗೇಡು ಎಂಬ ಕಾಲ ಅದು. ಕೊನೆಗೆ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ತಾರಾಮತಿಯಾದ. ಡಿ.ಡಿ. ದಾಬಕೆ ಹರಿಶ್ಚಂದ್ರನಾದರು. ಫಾಲ್ಕೆ ಅವರ ಮಗ ಭಾಲಚಂದ್ರ ರೋಹಿತಾಶ್ವನಾದ. ಚಿತ್ರೀಕರಣದಲ್ಲಿ ಹುಡುಗ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದಾಗ, ಶುಶ್ರೂಷೆ ಮಾಡಿದ ಬಳಿಕ ಅದೇ ಸ್ಥಿತಿಯಲ್ಲಿ ಮಗನ ಸಾವಿನ ದೃಶ್ಯವನ್ನು ಫಾಲ್ಕೆ ಚಿತ್ರೀಕರಿಸಿದರು ಎಂಬ ಪ್ರಸಂಗ ಅವರ ಜೀವನ ಕಥೆಗಳಲ್ಲಿ ಬರುತ್ತದೆ. ಪ್ಲೇಗ್‌ನಲ್ಲಿ ಒಂದು ಮಗುವನ್ನು ಕಳೆದುಕೊಂಡಿದ್ದ ತಂದೆಗೆ ಆ ಗಳಿಗೆ ಹೇಗಿದ್ದಿರಬೇಕು!

ಸುಮಾರು 3,700 ಅಡಿ ಉದ್ದದ ಈ ಚಿತ್ರ ಮುಗಿಯಲು 6 ತಿಂಗಳು 27 ದಿನ ಹಿಡಿಯಿತು. 1913ರ ಮೇ 3ರಂದು ಮುಂಬೈನ ಕಾರೊನೇಷನ್ ಚಿತ್ರಮಂದಿರದಲ್ಲಿ ರಾಜಾ ಹರಿಶ್ಚಂದ್ರ ಬಿಡುಗಡೆಯಾಯಿತು. ಅದು ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಹೆಸರಾಯಿತು. ಅರಮನೆಯಲ್ಲಿ ರಾಜ, ರಾಣಿ, ರಾಜಕುಮಾರ ಕೂಡಿರುವ ಆರಂಭದ ದೃಶ್ಯ ಕಟ್ಟು ಹಾಕಿದ ರವಿವರ್ಮ ಚಿತ್ರವೇ ಜೀವ ತಳೆದಂತೆ ಕಾಣುತ್ತದೆ. ಅಚ್ಚುಕೂಟ ಕೈತಪ್ಪಿದ್ದರೂ ಅಲ್ಲಿ ಪಳಗಿದ ಕಣ್ಣು ಅವರ ಬಳಿಯೇ ಉಳಿದಿತ್ತು.

ಕಾಶಿಯ ದಿನಗಳು

ಆಮೇಲೆ ಫಾಲ್ಕೆ ನಾಸಿಕ್‌ಗೆ ನೆಲೆ ಬದಲಿಸಿದರು. 1917ರ ಲಂಕಾದಹನ ಭಾರೀ ಗಳಿಕೆ ತಂದಿತು. ಮರುವರ್ಷ ಮುಂಬೈನ ಉದ್ಯಮಿಗಳ ಪಾಲುಗಾರಿಕೆಯಲ್ಲಿ ಹಿಂದೂಸ್ತಾನ್ ಫಿಲ್ಮ್ಸ್ ಶುರುವಾಯಿತು. 1919ರ ಕಾಲಿಯ ಮರ್ದನದಲ್ಲಿ ಅವರ ಮಗಳು ಮಂದಾಕಿನಿಯೇ ಬಾಲಕೃಷ್ಣ. ಆದರೆ ಅಚ್ಚುಕೂಟದಲ್ಲಿ ಆದದ್ದೇ ಇಲ್ಲಿಯೂ ಆಯಿತು. ಪಾಲುದಾರರೊಂದಿಗೆ ಹೊಂದಿಕೆಯಾಗಲಿಲ್ಲ. ಬೇಸತ್ತ ಫಾಲ್ಕೆ ಸಿನಿಮಾ ಬಿಟ್ಟೆ ಎಂದು ಸಾರಿ, ಕುಟುಂಬ ಸಮೇತ ಹೊರಟದ್ದು ಕಾಶಿಗೆ.

ಎಲ್ಲ ಕಳೆದುಕೊಂಡ ಹರಿಶ್ಚಂದ್ರ ಹೋದದ್ದೂ ಅದೇ ಊರಿಗೆ. ಆ ಕಥೆಯನ್ನು ಎರಡು ಸಲ ತೆರೆಗೆ ತಂದಿದ್ದ ಮನುಷ್ಯ ಈಗ ಕಥೆ ನಡೆದ ಗಂಗೆಯ ದಂಡೆಯಲ್ಲೇ ಬಂದು ನೆಲೆಸಿದ್ದರು. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಅಂದಿನ ನಾಟಕ ಕಂಪನಿಗಳ ಓರೆಕೋರೆಗಳನ್ನೇ ವಸ್ತುವಾಗಿಸಿ ಮರಾಠಿಯಲ್ಲಿ ರಂಗಭೂಮಿ ಎಂಬ ನಾಟಕ ಬರೆದರು. ಅತ್ತ ಸಂದೇಶ ಪತ್ರಿಕೆಯ ಸಂಪಾದಕ ಅಚ್ಯುತ ಕೊಲ್ಹಟ್ಕರ್ ಮರಳಿ ಬರುವಂತೆ ಒತ್ತಾಯಿಸಿ ಬರೆದರು. ಕೊನೆಗೆ ಫಾಲ್ಕೆ ಸಿನಿಮಾಕ್ಕೆ ಮರಳಿದರು. ಆದರೆ ಹಿಂದಿನ ವೈಭವ ಮರಳಲಿಲ್ಲ. 1931ರಲ್ಲಿ ಚಿತ್ರಗಳಿಗೆ ಮಾತು ಬಂದ ಮೇಲೆ ಮೂಕಿಯ ಕಾಲ ಮುಗಿಯಿತು. ಕೊಲ್ಹಾಪುರದಲ್ಲಿ ತಯಾರಾದ 1937ರ ಗಂಗಾವತರಣ ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ಅವರು ಕಣ್ಣುಮುಚ್ಚಿದಾಗ ಚಿತ್ರರಂಗ ಅವರನ್ನು ಹೆಚ್ಚುಕಡಿಮೆ ಮರೆತಿತ್ತು.

ಕನ್ನಡದ ಹರಿಶ್ಚಂದ್ರನಿಗೆ ಫಾಲ್ಕೆ ಗೌರವ

ನೆನಪು ತಡವಾಗಿ ಮರಳಿತು. 1969ರಿಂದ ಕೇಂದ್ರ ಸರ್ಕಾರ ಫಾಲ್ಕೆ ಹೆಸರಿನಲ್ಲಿ ಚಿತ್ರರಂಗದ ಅತ್ಯುನ್ನತ ಪ್ರಶಸ್ತಿ ನೀಡುತ್ತಿದೆ. ಕನ್ನಡಕ್ಕೂ ಹರಿಶ್ಚಂದ್ರನಿಗೂ ಇಲ್ಲೊಂದು ಸೊಗಸಾದ ನಂಟಿದೆ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ 1965ರ ಸತ್ಯ ಹರಿಶ್ಚಂದ್ರ ಚಿತ್ರದಲ್ಲಿ ಸುಡುಗಾಡು ಕಾದ ರಾಜ ನಮ್ಮ ಡಾ. ರಾಜ್‌ಕುಮಾರ್. ಮುಂದೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ. ಮೊದಲ ಹರಿಶ್ಚಂದ್ರನನ್ನು ಕಟ್ಟಿದವರ ಹೆಸರಿನ ಗೌರವ, ಕನ್ನಡಿಗರು ಎಂದೂ ಮರೆಯದ ಹರಿಶ್ಚಂದ್ರನಿಗೆ ಸಂದಿತು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೂ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಸಿಕ್ಕಿದೆ.

ನಾಲ್ಕು ಸುರುಳಿಗಳ ರಾಜಾ ಹರಿಶ್ಚಂದ್ರದಲ್ಲಿ ಇಂದು ಉಳಿದಿರುವುದು ಆರಂಭದ ಮತ್ತು ಕೊನೆಯ ಸುರುಳಿ ಮಾತ್ರ. ಅವೂ 1917ರಲ್ಲಿ ಫಾಲ್ಕೆ ಮತ್ತೆ ಮಾಡಿದ ಚಿತ್ರದವು ಎಂಬ ವಾದವಿದೆ. ಆ ಕಾಲದ ಫಿಲ್ಮ್ ಬೇಗ ಹೊತ್ತಿಕೊಳ್ಳುವ, ಬೇಗ ಕೊಳೆಯುವ ವಸ್ತು. ಅದೇ ಕಾಲದಲ್ಲಿ ಲೋಣಾವಳಾದ ಸುತ್ತ ಅಚ್ಚಾದ ದೇವರ ಚಿತ್ರಗಳು ಮಾತ್ರ ಗಾಜಿನ ಕಟ್ಟಿನೊಳಗೆ, ಅರಿಶಿನ ಕುಂಕುಮದ ಕಲೆ ಹೊತ್ತು ಎಷ್ಟೋ ಮನೆಗಳಲ್ಲಿ ಉಳಿದಿವೆ. ಅಂಥದ್ದೊಂದು ಹಳೆಯ ಚಿತ್ರ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಒಮ್ಮೆ ಇಳಿಸಿ ನೋಡಿ. ಅಂಚಿನಲ್ಲಿ ಬಣ್ಣ ಎಲ್ಲಾದರೂ ತುಸು ಜರುಗಿದೆಯೇ ಎಂದು ಹುಡುಕಿ. ಜರುಗದಿದ್ದರೆ, ಹೆಸರು ಉಳಿಯದ ಯಾವನೋ ಅಚ್ಚುಗಾರ ಅಂದು ಉಸಿರು ಬಿಗಿಹಿಡಿದು ಕಾಗದ ಕೂರಿಸಿದ್ದಾನೆ ಎಂದು ಅರ್ಥ.