ಬೀದಿಯಲ್ಲಿ ರೋಗ ಗುರುತಿಸಿದ ವೈದ್ಯ

ಹಲವು ದಶಕಗಳ ಹಿಂದೆ ಸರ್ಕಾರಿ ಕೆಲಸದ ಮೇಲೆ ಮೊಳಕಾಲ್ಮೂರು ಸೀಮೆಯ ಕೊಂಡ್ಲಹಳ್ಳಿಗೆ ಹೋಗಿದ್ದಾಗ, ಕುರಿಹಿಂಡಿನ ಹಿಂದೆ ನಡೆದು ಬರುತ್ತಿದ್ದ ವೃದ್ಧರೊಬ್ಬರನ್ನು ಕಂಡಿದ್ದೆ. ಬೆನ್ನು ಬಾಗಿತ್ತು, ಹೆಜ್ಜೆ ಕಿರಿದಾಗಿತ್ತು, ಹೆಗಲ ಮೇಲೆ ಕಂಬಳಿ ಹೊತ್ತಿದ್ದ ಅವರ ಒಂದು ಕೈ ಸುಮ್ಮನಿದ್ದಾಗಲೂ ನಡುಗುತ್ತಿತ್ತು. ವಯಸ್ಸಾಯಿತಲ್ಲ ಎಂದು ಜೊತೆಯಲ್ಲಿದ್ದವರು ಹೇಳಿದರು, ನಾನೂ ಒಪ್ಪಿದೆ. ಅದು ರೋಗವಿರಬಹುದು ಎಂದು ಹೊಳೆದದ್ದು ಎಷ್ಟೋ ವರ್ಷಗಳ ನಂತರ, ಜೇಮ್ಸ್ ಪಾರ್ಕಿನ್‌ಸನ್‌ನ ಜೀವನವನ್ನು ಓದಿದಾಗ.

ಪಾರ್ಕಿನ್‌ಸನ್ ಜನಿಸಿದ್ದು 1755ರ ಏಪ್ರಿಲ್ 11ರಂದು, ಲಂಡನ್ ನಗರದ ಹಾಕ್ಸ್‌ಟನ್‌ನಲ್ಲಿ. ತಂದೆ ಅಲ್ಲಿಯೇ ವೈದ್ಯರಾಗಿದ್ದರು. ಮಗನೂ ಅದೇ ವೃತ್ತಿ ಹಿಡಿದು ಜೀವನವಿಡೀ ಅಲ್ಲಿನ ಜನರಿಗೆ ಚಿಕಿತ್ಸೆ ನೀಡಿದ. ಪ್ರಾಣಿಗಳ ಮತ್ತು ಮನುಷ್ಯರ ದೇಹರಚನೆಯನ್ನು ಹೋಲಿಸಿ ಅಧ್ಯಯನ ಮಾಡಿದ್ದ ಜಾನ್ ಹಂಟರ್‌ನ ಉಪನ್ಯಾಸಗಳನ್ನು 1785ರಲ್ಲಿ ಕೇಳಿ, ಶೀಘ್ರಲಿಪಿಯಲ್ಲಿ ಬರೆದಿಟ್ಟುಕೊಂಡ.

ಆತನ ಆಸಕ್ತಿ ಔಷಧಕ್ಕೆ ಸೀಮಿತವಾಗಿರಲಿಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಓಲ್ಡ್ ಹ್ಯೂಬರ್ಟ್ ಎಂಬ ಗುಪ್ತನಾಮದಿಂದ ಬಡವರ ಪರ ಕರಪತ್ರಗಳನ್ನು ಬರೆದ. ದೊರೆ ಮೂರನೆಯ ಜಾರ್ಜ್‌ನನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆಯೆಂಬ ಆರೋಪದ ಪ್ರಕರಣದಲ್ಲಿ 1794ರಲ್ಲಿ ಪ್ರಿವಿ ಕೌನ್ಸಿಲ್ ಎದುರು ವಿಚಾರಣೆಗೂ ಒಳಗಾದ. ಮುಂದೆ ಪಳೆಯುಳಿಕೆಗಳ ಬಗ್ಗೆ 1804ರಿಂದ 1811ರವರೆಗೆ ಮೂರು ಸಂಪುಟಗಳನ್ನು ಹೊರತಂದ. ಲಂಡನ್ನಿನ ಭೂವಿಜ್ಞಾನ ಸಂಘವನ್ನು 1807ರಲ್ಲಿ ಸ್ಥಾಪಿಸಿದವರಲ್ಲಿ ಆತನೂ ಒಬ್ಬ.

ನಡುಕುವಾಯುವನ್ನು ಕುರಿತ 66 ಪುಟಗಳ ಪ್ರಬಂಧ ಪ್ರಕಟವಾದದ್ದು 1817ರಲ್ಲಿ. ಆಗ ಆತನಿಗೆ 62 ವರ್ಷ. ಅದರಲ್ಲಿರುವುದು ಆರೇ ಮಂದಿಯ ವಿವರ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಇನ್ನೊಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಬಾಗಿದ ದೇಹ, ವಿಶ್ರಾಂತಿಯಲ್ಲೂ ನಿಲ್ಲದ ನಡುಕ, ತನಗರಿವಿಲ್ಲದೆ ಓಟವಾಗುವ ನಡಿಗೆ ಇವೆಲ್ಲ ಒಂದೇ ರೋಗದ ಲಕ್ಷಣಗಳೆಂದು ಆತ ಗ್ರಹಿಸಿದ.

ಆದರೆ ರೋಗದ ಮೂಲ ಕುತ್ತಿಗೆಯ ಭಾಗದ ಮಿದುಳುಬಳ್ಳಿಯಲ್ಲಿದೆ ಎಂಬ ಆತನ ಊಹೆ ತಪ್ಪಾಗಿತ್ತು. ಕುತ್ತಿಗೆಯಿಂದ ರಕ್ತ ತೆಗೆಯಬೇಕೆಂಬ ಸಲಹೆಯೂ ನಿಷ್ಪ್ರಯೋಜಕ. ಆದರೂ ಆತ ತನ್ನದು ಊಹೆಯೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಶವಪರೀಕ್ಷೆಯ ಆಧಾರ ತನ್ನಲ್ಲಿಲ್ಲವೆಂದು ಒಪ್ಪಿಕೊಂಡು, ಅಂಗರಚನೆ ಬಲ್ಲವರು ಈ ಕೆಲಸವನ್ನು ಮುಂದುವರಿಸಲೆಂದು ಕೋರಿದ. 1824ರ ಡಿಸೆಂಬರ್ 21ರಂದು ನಿಧನನಾದ. ರೋಗಕ್ಕೆ ಆತನ ಹೆಸರು ಬಂದದ್ದು ಆಮೇಲೆ, ಫ್ರಾನ್ಸಿನ ಶಾರ್ಕೋ ಅವರಿಂದ.

ಆತನ ಕಣ್ಣು ತಲುಪದ ಕಡೆಗೆ ದಾರಿ ತೋರಿಸಿದವು ಪ್ರಾಣಿಗಳು. ನಮ್ಮ ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ನೀಡಿದ್ದರಿಂದ ನಿಶ್ಚಲವಾಗಿದ್ದ ಮೊಲಗಳು ಡೋಪಾ ಕೊಟ್ಟಾಗ ಮತ್ತೆ ಓಡಾಡಿದ್ದನ್ನು 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತೋರಿಸಿದರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರ ದೇಹ ದಿಢೀರನೆ ಬಿಗಿದುಕೊಂಡಿತು. ಅದರಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕವನ್ನು ಮರುವರ್ಷ ಮಂಗಗಳಿಗೆ ಕೊಟ್ಟಾಗ ಅವುಗಳಲ್ಲೂ ಅವೇ ಲಕ್ಷಣಗಳು ಕಂಡವು. ಅಂಥ ಮಂಗಗಳ ಮಿದುಳಿನಾಳದ ಪುಟ್ಟ ಗಂಟೊಂದನ್ನು ನಿಷ್ಕ್ರಿಯಗೊಳಿಸಿದರೆ ರೋಗ ಹತೋಟಿಗೆ ಬರುತ್ತದೆಂದು 1990ರಲ್ಲಿ ತಿಳಿಯಿತು. ಮೂರೇ ವರ್ಷಗಳಲ್ಲಿ ಫ್ರಾನ್ಸಿನ ವೈದ್ಯರು ರೋಗಿಗಳ ಮಿದುಳಿನ ಅದೇ ಭಾಗಕ್ಕೆ ವಿದ್ಯುತ್ ತಂತಿ ಅಳವಡಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂದು ಈ ಶಸ್ತ್ರಚಿಕಿತ್ಸೆ ಲಭ್ಯವಿದೆ.

ಮಂಗಗಳ ಜೊತೆಗೆ ಈಗ ಹಂದಿ, ಕುರಿಗಳೂ ಪ್ರಯೋಗಾಲಯಕ್ಕೆ ಬಂದಿವೆ. ಇಲಿಯ ಮಿದುಳು ತೀರಾ ಚಿಕ್ಕದು, ಅದರ ಮೇಲ್ಮೈ ನುಣುಪು. ಕುರಿಯ ಮಿದುಳಿನಲ್ಲಿ ನಮ್ಮದರಂತೆಯೇ ಮಡಿಕೆಗಳಿವೆ. ಮನುಷ್ಯರಿಗೆಂದು ಮಾಡಿದ ತಂತಿಗಳನ್ನು ಅದರಲ್ಲಿ ಪರೀಕ್ಷಿಸಬಹುದು. ಆದರೆ ಮನುಷ್ಯನನ್ನು ವರ್ಷಗಟ್ಟಲೆ ಸವೆಸುವ ರೋಗವೂ ಪ್ರಾಣಿಗೆ ವಿಷವಿಟ್ಟು ಕೆಲವೇ ದಿನಗಳಲ್ಲಿ ತರಿಸುವ ಸ್ಥಿತಿಯೂ ಒಂದೇ ಅಲ್ಲ. ಮಂಗಗಳಲ್ಲಿ ಫಲ ಕೊಟ್ಟಿದ್ದ ಜಿಡಿಎನ್‌ಎಫ್ ಎಂಬ ಪ್ರೋಟೀನ್ ಮನುಷ್ಯರ ಮೇಲಿನ ಪ್ರಯೋಗದಲ್ಲಿ ನಿರೀಕ್ಷಿತ ಫಲ ನೀಡದೆ 2004ರಲ್ಲಿ ಕೈಬಿಡಬೇಕಾಯಿತು.

ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಅದರಡಿ ರೂಪಿಸಿದ 1998ರ ಪ್ರಯೋಗ ನಿಯಮಗಳೂ ಇವೆ. ದೊಡ್ಡ ಪ್ರಾಣಿಗಳ ಪ್ರಯೋಗಕ್ಕೆ ಕೇಂದ್ರದ ಸಮಿತಿಯ ಒಪ್ಪಿಗೆ ಬೇಕು. ಕಡತಗಳ ನಡುವೆ ಬದುಕು ಕಳೆದ ನನಗೆ ಒಂದು ಮಾತು ಗೊತ್ತು: ಒಪ್ಪಿಗೆಯ ಸಹಿ ಬಿದ್ದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಈ ಪ್ರಾಣಿಯಿಂದ ನಿಜವಾಗಿ ತಿಳಿಯುವುದೇನು, ಊಹೆಯಾಗಿ ಉಳಿಯುವುದೇನು ಎಂದು ಸಂಶೋಧಕರನ್ನು ಕೇಳಲೇಬೇಕು. ವಿಫಲವಾದ ಪ್ರಯೋಗಗಳ ವಿವರವೂ ಪ್ರಕಟವಾಗಬೇಕು. ಇಲ್ಲವಾದರೆ ಅದೇ ತಪ್ಪಿಗೆ ಮತ್ತೊಂದು ಹಿಂಡು ಬಲಿಯಾಗುತ್ತದೆ. ಪಾರ್ಕಿನ್‌ಸನ್ ತನ್ನ ಪ್ರಬಂಧದಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿಯೇ ಬರೆದಿದ್ದ. ಕೊಂಡ್ಲಹಳ್ಳಿಯ ಆ ಹಿರಿಯರ ವಿಷಯದಲ್ಲಿ ನಾನು ಮಾಡಿದ್ದು ಅದಕ್ಕೆ ವಿರುದ್ಧವಾದುದನ್ನು. ಊಹೆಯನ್ನೇ ಸತ್ಯವೆಂದು ನಂಬಿ ಜೀಪು ಹತ್ತಿದೆ.